ನೀರಿನ ಯಂತ್ರ ಕೂರಿಸಲು ಬಂದವರ ಲೈಸೆನ್ಸ್ ನೋಡಿದಿರಾ?

ಅಮ್ಮ ಮೊದಲ ಸಲ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿರುವ ನಮ್ಮ ಮನೆಗೆ ಬಂದಾಗ ಮೂರನೇ ದಿನವೇ ಹೇಳಿದಳು: ‘ಇದು ಗಡಸು ನೀರು ಕಣೋ. ಬೇಳೆ ಸರಿಯಾಗಿ ಬೇಯ್ತಿಲ್ಲ.’ ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲೇ ಮೂವತ್ತು ವರ್ಷ ಅಡುಗೆ ಮಾಡಿದವಳು, ಅವಳಿಗೆ ಲ್ಯಾಬಿನ ವರದಿ ಬೇಕಿರಲಿಲ್ಲ. ಕೆಟಲ್‌ನ ತಳದಲ್ಲಿ ಸುಣ್ಣದ ಪೊರೆ ಕಟ್ಟಿತ್ತು. ಬಚ್ಚಲುಮನೆಯ ಗಾಜಿನ ಮೇಲೆ ಎಷ್ಟು ಒರೆಸಿದರೂ ಹೋಗದ ಬಿಳಿ ಚುಕ್ಕೆಗಳಿದ್ದವು.

ಅದೇ ವಾರ ಬಾಗಿಲ ಹಿಡಿಗೆ ಯಾರೋ ಒಂದು ಚಿಕ್ಕ ಬಾಟಲಿ ನೇತುಹಾಕಿ ಹೋಗಿದ್ದರು. ನೀರು ತುಂಬಿಸಿಡಿ, ಉಚಿತವಾಗಿ ಪರೀಕ್ಷೆ ಮಾಡಿಕೊಡುತ್ತೇವೆ ಎಂಬ ಚೀಟಿ ಅದರ ಜೊತೆಗಿತ್ತು. ಕರೆದೆವು. ಬಂದಾತ ಸೌಮ್ಯವಾಗಿ ಮಾತಾಡುವವನು, ಸ್ನೇಹಿತರೊಬ್ಬರಿಗೆ ಪರಿಚಿತ ಬೇರೆ. ಅಮ್ಮ ಕಾಫಿ ಕೊಟ್ಟಳು. ಆತ ನಲ್ಲಿಯ ನೀರಿಗೆ ಏನೋ ನಾಲ್ಕು ಹನಿ ಹಾಕಿದ, ಲೋಟದಲ್ಲಿ ಹಾಲು ಒಡೆದಂತೆ ಬಿಳಿ ಕರಣೆ ಎದ್ದಿತು. ಅಮ್ಮ ಗಾಬರಿಯಾದಳು. ನೀರು ಮೆದು ಮಾಡುವ ಯಂತ್ರಕ್ಕೆ ಈ ದಿನವೇ ಸಹಿ ಮಾಡಿದರೆ ಬೆಲೆ ಕಡಿಮೆ ಎಂದ. ಅರ್ಧ ಹಣವನ್ನು ಮುಂಗಡ ಕೊಟ್ಟು ಸಹಿ ಮಾಡಿದೆ. ಯಂತ್ರ ಕೂರಿಸಿದ ಎರಡು ತಿಂಗಳಲ್ಲಿ ಗ್ಯಾರೇಜಿನ ಗೋಡೆ ತೇವ ಹೀರಿ ಉಬ್ಬಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ಒಪ್ಪಂದದ ಕಾಗದದಲ್ಲಿದ್ದ ಲೈಸೆನ್ಸ್ ಸಂಖ್ಯೆಯನ್ನು ಆಗಷ್ಟೇ, ಮೊದಲ ಬಾರಿಗೆ, ಹುಡುಕಿ ನೋಡಿದೆ. ಅದು ಬೇರೆ ಯಾರದೋ ಹೆಸರಿನಲ್ಲಿತ್ತು, ಬೇರೆ ಕೆಲಸದ್ದಾಗಿತ್ತು.

ಊರಿನಲ್ಲಿ ಕಂಪನಿಯ ಹುಡುಗ ಬಂದು ಅರ್ಧ ಗಂಟೆಯಲ್ಲಿ ಆರ್‌ಓ ಕೂರಿಸಿ ಹೋಗುತ್ತಾನೆ. ‘ನಿನ್ನ ಲೈಸೆನ್ಸ್ ತೋರಿಸಪ್ಪಾ’ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಟ್ಟ ಮೇಲೆ ಕಾಗದ ಕೇಳುವುದು ಅವಮಾನ ಮಾಡಿದಂತೆ ಎಂಬ ಸಂಕೋಚ ಬೇರೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಆ ಪ್ರಶ್ನೆ ಕೇಳಬೇಕೆಂದೇ ಸರ್ಕಾರ ಒಂದು ಇಡೀ ವ್ಯವಸ್ಥೆ ಮಾಡಿಟ್ಟಿದೆ. ಅದರ ಪ್ರಯೋಜನ ಪಡೆಯದಿದ್ದರೆ ನಷ್ಟ ನಮಗೇ.

ಸಿ-55 ಎಂದರೆ ಏನು?

ಇಲ್ಲಿ ಕಟ್ಟಡಕ್ಕೆ ಸಂಬಂಧಿಸಿದ ಗುತ್ತಿಗೆ ಕೆಲಸಗಳಿಗೆಲ್ಲ ಪರವಾನಗಿ ಕೊಡುವುದು ಕಾಂಟ್ರ್ಯಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಎಲ್ಲರೂ ಸಿಎಸ್‌ಎಲ್‌ಬಿ ಎನ್ನುತ್ತಾರೆ. 1929ರಿಂದ ಇರುವ ಸಂಸ್ಥೆ. ವಿದ್ಯುತ್ತಿಗೆ ಒಂದು, ಚಾವಣಿಗೆ ಒಂದು, ಕೊಳಾಯಿಗೆ ಒಂದು ಎಂದು ಪ್ರತಿ ಕಸುಬಿಗೂ ಬೇರೆ ಬೇರೆ ವರ್ಗ ಮಾಡಿದೆ. ನೀರು ಮೆದು ಮಾಡುವ, ಶುದ್ಧೀಕರಿಸುವ ಉಪಕರಣಗಳನ್ನು ಕೂರಿಸುವವರ ವರ್ಗವೇ ಸಿ-55, ವಾಟರ್ ಕಂಡೀಷನಿಂಗ್ ಕಾಂಟ್ರ್ಯಾಕ್ಟರ್.

ಈ ವರ್ಗಕ್ಕೆ ನಿಯಮದಲ್ಲಿ ಕೊಟ್ಟಿರುವ ವಿವರಣೆ ಚಿಕ್ಕದು, ಆದರೆ ಗಮನವಿಟ್ಟು ಓದಬೇಕಾದದ್ದು. ಉಪಕರಣವನ್ನು ಮನೆಯ ನೀರಿನ ವ್ಯವಸ್ಥೆಗೆ ಜೋಡಿಸಲು ಎಷ್ಟು ಪೈಪು, ಎಷ್ಟು ಫಿಟಿಂಗ್ ಬೇಕೋ ಅಷ್ಟನ್ನೇ ಇವರು ಹಾಕಬಹುದು. ಜೊತೆಗೆ, ಮೆದು ನೀರು ಹೋಗಬಾರದ ಭಾಗಗಳನ್ನು ಬೈಪಾಸ್ ಮಾಡುವ ಪೈಪನ್ನೂ ಹಾಕಬಹುದು. ಅದರಾಚೆಗಿನದು ಇವರ ಕೆಲಸವಲ್ಲ. ಯಂತ್ರದ ನೆಪದಲ್ಲಿ ಹಳೆಯ ಮನೆಯ ಕೊಳಾಯಿಯನ್ನೆಲ್ಲ ಬದಲಿಸಿಕೊಡುತ್ತೇನೆ ಎಂದರೆ ಅದಕ್ಕೆ ಸಿ-36 ಎಂಬ ಪ್ಲಂಬಿಂಗ್ ಲೈಸೆನ್ಸ್ ಬೇಕು. ಬಾವಿ ಕೊರೆಯುವುದಕ್ಕೆ ಸಿ-57.

ಬೈಪಾಸ್‌ನ ಮಾತನ್ನು ನಿಯಮದಲ್ಲೇ ಬರೆದಿಟ್ಟದ್ದಕ್ಕೆ ಕಾರಣವಿದೆ. ಉಪ್ಪಿನಿಂದ ಕೆಲಸ ಮಾಡುವ ಸಾಫ್ಟನರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಅದು ಒಳ್ಳೆಯದು. ಹಿತ್ತಲಿನ ಗಿಡಗಳಿಗೆ ಒಳ್ಳೆಯದಲ್ಲ. ಕುಂಡದಲ್ಲಿ ಮಗುವಿನಂತೆ ಸಾಕಿದ ಕರಿಬೇವಿಗೆ ದಿನವೂ ಸೋಡಿಯಂ ನೀರು ಹಾಕುತ್ತಿದ್ದರೆ ಅದು ಸೊರಗುತ್ತದೆ. ಹೊರಗಿನ ನಲ್ಲಿಯನ್ನು ಬೈಪಾಸ್ ಮಾಡಿಸಿ. ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿರುವ ಹಿರಿಯರು ಮನೆಯಲ್ಲಿದ್ದರೆ ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನೂ ಬೈಪಾಸ್ ಮಾಡಿಸುವುದು ಒಳ್ಳೆಯದು. ಇದನ್ನು ಬಂದವರು ತಾವಾಗಿಯೇ ಕೇಳುತ್ತಾರೋ ಇಲ್ಲವೋ ನೋಡಿ. ಕಸುಬು ಬಲ್ಲವರು ಕೇಳುತ್ತಾರೆ.

ಲೈಸೆನ್ಸ್ ಯಾವಾಗ ಕಡ್ಡಾಯ? ಕೂಲಿ, ಸಾಮಾನು ಎಲ್ಲ ಸೇರಿ 1,000 ಡಾಲರ್ ಮುಟ್ಟುವ ಕೆಲಸಕ್ಕೆ ಕಡ್ಡಾಯ. 2024ರ ಕೊನೆಯವರೆಗೆ ಈ ಮಿತಿ 500 ಡಾಲರ್ ಇತ್ತು, 2025ರ ಜನವರಿ 1ರಿಂದ ಏರಿತು. ಆದರೆ ಆ ಸಣ್ಣ ಕೆಲಸದ ವಿನಾಯಿತಿಗೂ ಷರತ್ತುಗಳಿವೆ: ಆ ಕೆಲಸಕ್ಕೆ ಕಟ್ಟಡ ಪರ್ಮಿಟ್ ಬೇಕಿರಬಾರದು, ಮಾಡುವವನು ಬೇರೆ ಆಳನ್ನು ಕೆಲಸಕ್ಕೆ ಇಟ್ಟುಕೊಂಡಿರಬಾರದು. ದೊಡ್ಡ ಕೆಲಸವನ್ನು ಎರಡು ಮೂರು ಬಿಲ್ಲಾಗಿ ಒಡೆದು ಮಿತಿಯೊಳಗೆ ತೋರಿಸುವುದಕ್ಕೂ ಅವಕಾಶವಿಲ್ಲ. ಇಡೀ ಮನೆಯ ಸಾಫ್ಟನರ್ ಕೂರಿಸುವ ಖರ್ಚು ಸಾಮಾನ್ಯವಾಗಿ ಈ ಮಿತಿ ದಾಟುತ್ತದೆ. ಜಗ್ಗಿನಲ್ಲಿ ಬರುವ ಫಿಲ್ಟರಿಗೋ ನಲ್ಲಿಗೆ ನೀವೇ ಸಿಕ್ಕಿಸಿಕೊಳ್ಳುವ ಫಿಲ್ಟರಿಗೋ ಯಾರ ಲೈಸೆನ್ಸೂ ಬೇಡ.

ಐದು ನಿಮಿಷದ ಪರಿಶೀಲನೆ

ಸಿಎಸ್‌ಎಲ್‌ಬಿ ಜಾಲತಾಣದಲ್ಲಿ ‘ಚೆಕ್ ಎ ಲೈಸೆನ್ಸ್’ ಎಂಬ ಪುಟವಿದೆ. ಸಂಖ್ಯೆ ಹಾಕಿದರೆ ವಿವರ ಬರುತ್ತದೆ, ಶುಲ್ಕವಿಲ್ಲ. ನೋಡಬೇಕಾದದ್ದು ಇಷ್ಟು. ಲೈಸೆನ್ಸ್ ಈಗ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ಅಮಾನತಾಗಿದೆಯೇ? ವರ್ಗದ ಜಾಗದಲ್ಲಿ ಸಿ-55 ಇದೆಯೇ? ಅಲ್ಲಿರುವ ವ್ಯವಹಾರದ ಹೆಸರೂ ನಿಮ್ಮ ಕೈಗೆ ಕೊಟ್ಟ ಒಪ್ಪಂದದ ಹೆಸರೂ ಒಂದೇಯೇ? ನಾನು ಎಡವಿದ್ದು ಕೊನೆಯ ಈ ಎರಡರಲ್ಲಿ. ಸಂಖ್ಯೆ ನಿಜವಾದದ್ದೇ ಆಗಿತ್ತು, ಆದರೆ ಅದು ಅವನದಾಗಿರಲಿಲ್ಲ. ಬಂದವರ ಗುರುತಿನ ಚೀಟಿ ಕೇಳಿ, ಆ ಲೈಸೆನ್ಸಿನೊಂದಿಗೆ ಅವರಿಗೇನು ಸಂಬಂಧ ಎಂದು ಕೇಳಿ.

ಅದೇ ಪುಟದಲ್ಲಿ ಬಾಂಡ್‌ನ ವಿವರವಿರುತ್ತದೆ. ಲೈಸೆನ್ಸ್ ಹೊಂದಿದ ಪ್ರತಿ ಗುತ್ತಿಗೆದಾರನೂ 25,000 ಡಾಲರ್‌ನ ಬಾಂಡ್ ಇಡಬೇಕು. 2023ಕ್ಕೆ ಮೊದಲು ಅದು 15,000 ಇತ್ತು. ಕೆಲಸ ಕೆಟ್ಟರೆ ಗ್ರಾಹಕ ಇದರ ಮೇಲೆ ಹಕ್ಕು ಸಾಧಿಸಬಹುದು. ಆದರೆ ಅದು ನಿಮ್ಮೊಬ್ಬರಿಗೆ ಮೀಸಲಿಟ್ಟ ಹಣವಲ್ಲ, ಆ ಗುತ್ತಿಗೆದಾರನಿಂದ ನೊಂದ ಎಲ್ಲರಿಗೂ ಸೇರಿದ್ದು ಎಂಬುದು ನೆನಪಿರಲಿ. ಬಾಂಡ್ ಇದ್ದ ಮಾತ್ರಕ್ಕೆ ವಿಮೆ ಇದೆ ಎಂದೂ ಅಲ್ಲ. ನೀರು ಸೋರಿ ನೆಲ ಹಾಳಾದರೆ ಕೊಡುವ ಹೊಣೆಗಾರಿಕೆ ವಿಮೆಯ ಪತ್ರವನ್ನು ಬೇರೆಯಾಗಿ ಕೇಳಬೇಕು. ಇನ್ನೊಂದು, ವರ್ಕರ್ಸ್ ಕಾಂಪೆನ್ಸೇಷನ್. ‘ಆಳುಗಳಿಲ್ಲ, ಆದ್ದರಿಂದ ವಿನಾಯಿತಿ’ ಎಂದು ಪುಟದಲ್ಲಿ ಬರೆದಿದ್ದು ನಿಮ್ಮ ಮನೆಗೆ ಮೂರು ಜನ ಕೆಲಸಕ್ಕೆ ಬಂದಿಳಿದರೆ ಅಲ್ಲೇ ನಿಲ್ಲಿಸಿ ವಿಚಾರಿಸಿ. ವಿಮೆಯಿಲ್ಲದ ಕೆಲಸಗಾರನಿಗೆ ನಿಮ್ಮ ಗ್ಯಾರೇಜಿನಲ್ಲಿ ಪೆಟ್ಟಾದರೆ ಅದರ ಹೊರೆ ಮನೆಯ ಯಜಮಾನನ ತಲೆಗೂ ಬರಬಹುದು.

ಮನೆಗೆ ಬಂದು ಮಾರಾಟದ ಮಾತಾಡುವವನು, ಯಂತ್ರ ಕೂರಿಸುವವನು ಬೇರೆ ಬೇರೆ ಇರುವುದೇ ಹೆಚ್ಚು. ಗುತ್ತಿಗೆದಾರರ ಪರವಾಗಿ ಮನೆಮನೆಗೆ ಹೋಗಿ ಒಪ್ಪಂದ ಮಾಡಿಸುವ ಮಾರಾಟಗಾರನೂ ಹೋಮ್ ಇಂಪ್ರೂವ್‌ಮೆಂಟ್ ಸೇಲ್ಸ್‌ಪರ್ಸನ್ ಎಂದು ಇದೇ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಇದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ.

ಮೂರು ಕಾಗದಗಳನ್ನು ಲೈಸೆನ್ಸ್ ಎಂದು ತಪ್ಪು ತಿಳಿಯುವವರಿದ್ದಾರೆ. ನಗರಸಭೆ ಕೊಡುವ ಬಿಸಿನೆಸ್ ಲೈಸೆನ್ಸ್ ಕೇವಲ ತೆರಿಗೆಯ ಲೆಕ್ಕ, ಕಸುಬು ಬರುತ್ತದೆಯೇ ಎಂದು ಅಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ವಾಟರ್ ಕ್ವಾಲಿಟಿ ಅಸೋಸಿಯೇಷನ್ ಎಂಬ ಉದ್ಯಮದ ಸಂಘ ಕೊಡುವ ಪ್ರಮಾಣಪತ್ರ ಗೌರವದ್ದೇ, ಓದಿ ಪರೀಕ್ಷೆ ಬರೆದು ಪಡೆಯುವಂಥದ್ದು, ಆದರೆ ಅದು ಸ್ವಯಂಪ್ರೇರಿತ. ಕಂಪನಿಯ ಅಧಿಕೃತ ಡೀಲರ್ ಎಂಬ ಪತ್ರವೂ ಹಾಗೆಯೇ. ಇವು ಯಾವುವೂ ಸಿ-55ಕ್ಕೆ ಬದಲಿಯಲ್ಲ.

ಸಹಿಗೆ ಮೊದಲು

ನನ್ನಿಂದ ಅರ್ಧ ಹಣ ಮುಂಗಡ ಪಡೆದದ್ದೇ ಕಾನೂನುಬಾಹಿರವಾಗಿತ್ತು ಎಂದು ಆಮೇಲೆ ತಿಳಿಯಿತು. ಮನೆ ಸುಧಾರಣೆಯ ಒಪ್ಪಂದದಲ್ಲಿ ಮುಂಗಡ 1,000 ಡಾಲರ್ ಅಥವಾ ಒಟ್ಟು ಬೆಲೆಯ ಶೇ. 10, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ. 4,800 ಡಾಲರ್ ಕೆಲಸಕ್ಕೆ 480 ಡಾಲರ್. 12,000 ಡಾಲರ್ ಕೆಲಸಕ್ಕೆ 1,000 ಡಾಲರ್. ಉಳಿದದ್ದನ್ನು ಕೆಲಸ ಆದಷ್ಟಕ್ಕೆ, ಸಾಮಾನು ಬಂದಷ್ಟಕ್ಕೆ ಮಾತ್ರ ಕೇಳಬಹುದು. ಇದಕ್ಕಿಂತ ಹೆಚ್ಚು ಕೇಳಿದರೆ ಮುಂದಿನ ಮಾತೇ ಬೇಡ, ಬಾಗಿಲವರೆಗೆ ಹೋಗಿ ಬೀಳ್ಕೊಡಿ.

ಮನೆಯಲ್ಲಿ ಕೂತು ಸಹಿ ಮಾಡಿದ ಒಪ್ಪಂದವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕು ನಿಮಗಿದೆ. ಸಹಿ ಮಾಡಿದವರಿಗೆ 65 ವರ್ಷ ಅಥವಾ ಹೆಚ್ಚು ವಯಸ್ಸಾಗಿದ್ದರೆ ಐದು ದಿನ. ಮಕ್ಕಳು ಕೆಲಸಕ್ಕೆ ಹೋದಾಗ ಹಗಲೆಲ್ಲ ಮನೆಯಲ್ಲಿರುವುದು ಹಿರಿಯರು, ಬಾಗಿಲು ತೆರೆಯುವವರೂ ಅವರೇ. ಈ ಐದು ದಿನದ ವಿಷಯವನ್ನು ಅಪ್ಪ ಅಮ್ಮನಿಗೆ ಹೇಳಿಡಿ. ‘ಇವತ್ತೇ ಸಹಿ ಮಾಡಿ’ ಎಂಬ ಅವಸರಕ್ಕೆ ಮಣಿಯಬೇಕಾಗಿಲ್ಲ ಎಂದೂ ಹೇಳಿ. ರದ್ದತಿಯ ನಮೂನೆಯನ್ನು ಒಪ್ಪಂದದ ಜೊತೆಗೇ ಕೊಡಬೇಕಾದದ್ದು ಮಾರುವವರ ಕರ್ತವ್ಯ.

ಲೋಟದಲ್ಲಿ ಎದ್ದ ಆ ಬಿಳಿ ಕರಣೆಯ ಬಗ್ಗೆ ಒಂದು ಮಾತು. ಅದು ಕೊಳೆಯಲ್ಲ, ವಿಷವಲ್ಲ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ರಾಸಾಯನಿಕ ಬಿದ್ದೊಡನೆ ಗಂಟುಕಟ್ಟಿ ಕಣ್ಣಿಗೆ ಕಾಣಿಸಿಕೊಂಡದ್ದು ಅಷ್ಟೆ. ನೀರು ಗಡಸು ಎಂದು ಅದು ಹೇಳೀತು. ಕುಡಿಯಲು ಅಪಾಯ ಎಂದು ಹೇಳುವುದಿಲ್ಲ. ನೀರಿನ ಬಗ್ಗೆ, ಯಂತ್ರದ ಬಗ್ಗೆ ಸುಳ್ಳು ಹೇಳಿ ಮಾರುವುದನ್ನು ನಿಷೇಧಿಸಲೆಂದೇ ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ಕಲಮುಗಳಿವೆ. ಅಂದರೆ ಇಂಥ ಮಾರಾಟಕ್ಕೆ ಇಲ್ಲಿ ಹಳೆಯ ಚರಿತ್ರೆಯಿದೆ ಎಂದಾಯಿತು.

ಹಾಗಾಗಿ ಲೈಸೆನ್ಸಿಗೂ ಮೊದಲು ತಿಳಿಯಬೇಕಾದದ್ದು ನಿಮ್ಮ ನಲ್ಲಿಗೆ ಬರುವ ನೀರು ಎಲ್ಲಿಯದು ಎಂಬುದು. ಬೇ ಏರಿಯಾದಲ್ಲಿ ರಸ್ತೆ ದಾಟಿದರೆ ನೀರು ಬದಲಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಬರುವುದು ಬಹುಪಾಲು ಸಿಯೆರಾ ಬೆಟ್ಟಗಳ ಹಿಮ ಕರಗಿ ಹೆಚ್ ಹೆಚ್ಚಿ ಜಲಾಶಯ ಸೇರಿದ ನೀರು, ಬಹಳ ಮೆದು. ಈಸ್ಟ್ ಬೇ ಮಡ್ ಎಂದು ಕರೆಯುವ ಜಲಸಂಸ್ಥೆಯದು ಮೊಕೆಲಮಿ ನದಿಯ ನೀರು, ಅದೂ ಮೆದುವೇ. ಸ್ಯಾನ್ ರಮೋನಿನ ಬಹುಭಾಗಕ್ಕೆ ಅದೇ ಬರುತ್ತದೆ. ಅದೇ ಊರಿನ ದೊಹರ್ಟಿ ವ್ಯಾಲಿ ಬಡಾವಣೆಗಳಿಗೂ ಪಕ್ಕದ ಡಬ್ಲಿನ್‌ಗೂ ನೀರು ಕೊಡುವುದು ಬೇರೆ ಸಂಸ್ಥೆ, ಜೋನ್ 7 ಎಂಬ ಜಲಸಂಸ್ಥೆಯಿಂದ ಕೊಂಡು ತಂದ ನೀರು, ಹೆಚ್ಚು ಗಡಸು. ಪ್ಲೆಸೆಂಟನ್, ಲಿವರ್‌ಮೋರ್ ಕೂಡ ಆ ಸಾಲಿನವೇ. ಸ್ಯಾನ್ ಹೋಸೆಯಲ್ಲಿ ಅಂತರ್ಜಲ ಬರುವ ಕಡೆ ಗಡಸು, ಬೇರೆಡೆ ಅಷ್ಟಿಲ್ಲ. ಡಬ್ಲಿನ್‌ನ ಗೆಳೆಯ ಹಾಕಿಸಿದ ಎಂದು ಸ್ಯಾನ್ ರಮೋನಿನವರು ಸಾಫ್ಟನರ್ ಹಾಕಿಸಿದರೆ ಹಣ ದಂಡ. ಪ್ರತಿ ಜಲಸಂಸ್ಥೆಯೂ ವರ್ಷಕ್ಕೊಮ್ಮೆ, ಜುಲೈ 1ರೊಳಗೆ, ನೀರಿನ ಗುಣಮಟ್ಟದ ವರದಿ ಪ್ರಕಟಿಸಬೇಕು. ಅದರಲ್ಲಿ ಗಡಸುತನದ ಅಂಕಿ ಇರುತ್ತದೆ. ಕೆಲವು ಕಡೆ ‘ಗ್ರೇನ್ಸ್’ ಲೆಕ್ಕ, ಕೆಲವು ಕಡೆ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಗ್ಯಾಲನ್ನಿಗೆ ಒಂದು ಗ್ರೇನ್ ಎಂದರೆ ಲೀಟರಿಗೆ ಸುಮಾರು 17 ಮಿಲಿಗ್ರಾಂ. ಮಾರಾಟಗಾರ ಹೇಳುವ ಅಂಕಿಯನ್ನು ಇದರ ಜೊತೆ ಇಟ್ಟು ನೋಡಿ.

ಲೈಸೆನ್ಸ್ ಕೂರಿಸುವವನ ಬಗ್ಗೆ ಹೇಳುತ್ತದೆಯೇ ಹೊರತು ಯಂತ್ರದ ಬಗ್ಗೆ ಅಲ್ಲ. ಯಂತ್ರಕ್ಕೆ ಎನ್‌ಎಸ್‌ಎಫ್/ಆನ್ಸಿ ಮಾನದಂಡಗಳ ಸಂಖ್ಯೆ ನೋಡಿ: ಸಾಫ್ಟನರಿಗೆ 44, ಆರ್‌ಓಗೆ 58, ರುಚಿ ಮತ್ತು ಕ್ಲೋರಿನ್ ವಾಸನೆಗೆ 42, ಸೀಸದಂಥ ಆರೋಗ್ಯಕ್ಕೆ ಹಾನಿ ಮಾಡುವ ವಸ್ತುಗಳನ್ನು ತೆಗೆಯುತ್ತದೆ ಎನ್ನುವ ಫಿಲ್ಟರಿಗೆ 53.

ಉಪ್ಪಿನ ಸಾಫ್ಟನರ್ ಎಲ್ಲ ಊರಲ್ಲೂ ಹಾಕುವಂತಿಲ್ಲ ಎಂಬುದೂ ಗೊತ್ತಿರಲಿ. ತನ್ನನ್ನು ತಾನೇ ತೊಳೆದುಕೊಳ್ಳುವ ಯಂತ್ರ ಪ್ರತಿ ಸಲವೂ ಉಪ್ಪುನೀರನ್ನು ಚರಂಡಿಗೆ ಬಿಡುತ್ತದೆ, ಶುದ್ಧೀಕರಣ ಘಟಕ ಆ ಕ್ಲೋರೈಡನ್ನು ತೆಗೆಯಲಾರದು. ಲಾಸ್ ಏಂಜಲಿಸ್‌ನ ಉತ್ತರಕ್ಕಿರುವ ಸಾಂಟಾ ಕ್ಲರಿಟಾ ಕಣಿವೆಯಲ್ಲಿ ಆ ನೀರು ನದಿ ಸೇರಿ ಕೆಳಗಿನ ವೆಂಚುರಾ ಕೌಂಟಿಯ ಸ್ಟ್ರಾಬೆರಿ, ಬೆಣ್ಣೆಹಣ್ಣಿನ ತೋಟಗಳಿಗೆ ಹೋಗುತ್ತಿತ್ತು. 2008ರಲ್ಲಿ ಅಲ್ಲಿನ ಜನರೇ ಮತ ಹಾಕಿ, ಮನೆಯಲ್ಲಿರುವ ಇಂಥ ಸಾಫ್ಟನರುಗಳನ್ನು ಕಿತ್ತುಹಾಕಬೇಕೆಂದು ತೀರ್ಮಾನಿಸಿದರು. 2009ರ ಜನವರಿ 1ರಿಂದ ಅದು ಜಾರಿಗೆ ಬಂತು. ಕೆಳಹೊಲದ ರೈತನಿಗಾಗಿ ಮೇಲಿನ ಊರಿನವರು ತಮ್ಮ ಅನುಕೂಲ ಬಿಟ್ಟ ಆ ನಿರ್ಧಾರದ ಬಗ್ಗೆ ನನಗೆ ಗೌರವವಿದೆ. ನಿಮ್ಮ ಊರಿನ ನಿಯಮವೇನು ಎಂದು ಚರಂಡಿ ನಿರ್ವಹಿಸುವ ಸಂಸ್ಥೆಗೆ, ಪ್ಲಂಬಿಂಗ್ ಪರ್ಮಿಟ್ ಬೇಕೇ ಎಂದು ನಗರದ ಕಟ್ಟಡ ವಿಭಾಗಕ್ಕೆ ಒಂದು ಫೋನ್ ಮಾಡಿ.

ಈ ಕಸುಬಿಗೆ ಇಳಿಯುವವರಿಗೆ

ನೀರಿನ ಯಂತ್ರದ ಕೆಲಸವನ್ನೇ ವೃತ್ತಿಯಾಗಿ ಮಾಡಬೇಕೆಂದಿರುವ ನಮ್ಮವರೂ ಇದ್ದಾರೆ. ಸಿ-55 ಪಡೆಯಲು ಕನಿಷ್ಠ 18 ವರ್ಷ ಆಗಿರಬೇಕು. ಕಳೆದ ಹತ್ತು ವರ್ಷಗಳೊಳಗೆ ಈ ಕಸುಬಿನಲ್ಲಿ ನಾಲ್ಕು ವರ್ಷಗಳ ಅನುಭವ ಬೇಕು. ಬರೀ ಸಹಾಯಕನಾಗಿ ಸಾಮಾನು ಎತ್ತಿಕೊಟ್ಟದ್ದು ಲೆಕ್ಕಕ್ಕಿಲ್ಲ, ಮೇಲ್ವಿಚಾರಣೆಯಿಲ್ಲದೆ ತಾನೇ ಕೆಲಸ ಮಾಡಬಲ್ಲ ಮಟ್ಟದ ಅನುಭವವಾಗಿರಬೇಕು, ಅದನ್ನು ಕಣ್ಣಾರೆ ಕಂಡವರೊಬ್ಬರು ಸಹಿ ಹಾಕಿ ದೃಢಪಡಿಸಬೇಕು. ಸಂಬಂಧಪಟ್ಟ ಓದು, ತರಬೇತಿಗೆ ಮೂರು ವರ್ಷದವರೆಗೆ ರಿಯಾಯಿತಿ ಸಿಗಬಹುದು, ಆಗಲೂ ಒಂದು ವರ್ಷದ ಕೈಕೆಲಸ ಇರಲೇಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರು ತೆರಿಗೆ ಇಲಾಖೆಯ ಐಟಿನ್ ಸಂಖ್ಯೆ ಕೊಟ್ಟು ಅರ್ಜಿ ಹಾಕಬಹುದು. ಆದರೆ ಲೈಸೆನ್ಸ್ ಬೇರೆ, ಈ ದೇಶದಲ್ಲಿ ದುಡಿಯುವ ವೀಸಾ ಹಕ್ಕು ಬೇರೆ. ಎಚ್-1ಬಿ ಮೇಲಿರುವವರು ಲೈಸೆನ್ಸ್ ಸಿಕ್ಕಿತೆಂದು ವಾರಾಂತ್ಯದಲ್ಲಿ ಈ ಕೆಲಸಕ್ಕೆ ಇಳಿಯುವಂತಿಲ್ಲ.

ಪರೀಕ್ಷೆ ಎರಡು: ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ಕಸುಬಿನದು. ಕೈಯಲ್ಲಿ ವಿದ್ಯೆ ಇದ್ದವರು ಎರಡನೆಯದನ್ನು ದಾಟುತ್ತಾರೆ, ಮೊದಲನೆಯದಕ್ಕೆ ಕೂತು ಓದಬೇಕು. ಮುಂಗಡದ ಮಿತಿ, ಒಪ್ಪಂದದ ನಮೂನೆ ಎಲ್ಲ ಅಲ್ಲಿ ಬರುತ್ತವೆ. ಲೈವ್ ಸ್ಕ್ಯಾನ್ ಎಂಬ ಬೆರಳಚ್ಚು ತಪಾಸಣೆ, ಆ 25,000 ಡಾಲರ್‌ನ ಬಾಂಡ್ ಆಗಬೇಕು. ಬಾಂಡ್ ಎಂದರೆ ಅಷ್ಟೂ ಹಣ ಕಟ್ಟಬೇಕೆಂದು ಹೆದರಬೇಡಿ, ಜಾಮೀನು ಕಂಪನಿಗೆ ವರ್ಷಕ್ಕಿಷ್ಟು ಎಂದು ಅದರ ಸಣ್ಣ ಪಾಲು ಕಟ್ಟಿದರೆ ಸಾಕು. ಚಾಲ್ತಿಯಲ್ಲಿರುವ ಲೈಸೆನ್ಸನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಜಾಹೀರಾತಿನಲ್ಲಿ, ಒಪ್ಪಂದದಲ್ಲಿ ಸಂಖ್ಯೆ ಹಾಕಲೇಬೇಕು.

ಬೇರೆ ರಾಜ್ಯಗಳಲ್ಲಿ ದಾರಿ ಬೇರೆ. ಟೆಕ್ಸಾಸ್‌ನಲ್ಲಿ ಇದನ್ನು ನೋಡಿಕೊಳ್ಳುವುದು ಪರಿಸರದ ಇಲಾಖೆ, ಟಿಸಿಇಕ್ಯೂ. ಅಲ್ಲಿ ವಾಟರ್ ಟ್ರೀಟ್‌ಮೆಂಟ್ ಸ್ಪೆಷಲಿಸ್ಟ್ ಎಂದು ಮೂರು ದರ್ಜೆಗಳಿವೆ. ಮೊದಲ ದರ್ಜೆಯವರು ಮೇಲಿನವರ ಉಸ್ತುವಾರಿಯಲ್ಲಿ ದುಡಿಯಬೇಕು, ಎರಡನೆಯವರು ಮನೆಗಳ ಕೆಲಸವನ್ನು ಸ್ವತಂತ್ರವಾಗಿ ಮಾಡಬಹುದು, ವಾಣಿಜ್ಯ ಮತ್ತು ಕೈಗಾರಿಕಾ ಕೆಲಸಕ್ಕೆ ಮೂರನೆಯದು ಬೇಕು. ಮಿನೆಸೋಟಾದಲ್ಲಿ ವಾಟರ್ ಕಂಡೀಷನಿಂಗ್‌ಗೆ ಜರ್ನಿವರ್ಕರ್, ಮಾಸ್ಟರ್ ಎಂಬ ಹಂತಗಳಿವೆ. ಕೆಲವು ರಾಜ್ಯಗಳು ಪ್ಲಂಬರ್ ಲೈಸೆನ್ಸಿನ ಒಳಗೇ ಇದನ್ನು ಸೇರಿಸಿಬಿಟ್ಟಿವೆ. ಡಲ್ಲಾಸಿಗೆ ಮನೆ ಬದಲಿಸಿದವರು ಸಿ-55 ಕೇಳಬೇಡಿ, ಆ ರಾಜ್ಯದ ಮಾತು ಕೇಳಿ.

ಕೆಲಸ ಮುಗಿದ ಮೇಲೆ, ಮತ್ತು ಕೆಟ್ಟ ಮೇಲೆ

ಎರಡನೇ ಸಲ ನಾವು ಕರೆಸಿದವರು ಸಿ-55 ಇದ್ದವರು. ಸಂಖ್ಯೆ ಕೇಳಿದಾಗ ಬೇಸರಿಸಲಿಲ್ಲ, ಜೇಬಿನಿಂದ ಕಾರ್ಡ್ ತೆಗೆದು ತೋರಿಸಿದರು. ಹೊರಡುವ ಮುನ್ನ ಬೈಪಾಸ್ ವಾಲ್ವ್ ಹೇಗೆ ತಿರುಗಿಸಬೇಕೆಂದು ನನ್ನ ಕೈಯಲ್ಲಿ ಮಾಡಿಸಿದರು. ಸೋರಿದರೆ ಯಂತ್ರವನ್ನು ಬದಿಗಿಟ್ಟು ಮನೆಗೆ ನೀರು ಬಿಟ್ಟುಕೊಳ್ಳುವುದು ಹೀಗೆ. ಚರಂಡಿಗೆ ಹೋಗುವ ಕೊಳವೆಯ ತುದಿಯಲ್ಲಿ ಗಾಳಿಯ ಅಂತರ ಬಿಟ್ಟದ್ದನ್ನೂ ತೋರಿಸಿದರು. ಅದಿಲ್ಲದಿದ್ದರೆ ಕೊಳಚೆ ನೀರು ಕುಡಿಯುವ ನೀರಿನತ್ತ ಹಿಂದೆ ಎಳೆದುಕೊಳ್ಳುವ ಅಪಾಯವಿದೆ. ಪರ್ಮಿಟ್ ತೆಗೆಸಿದ ಕೆಲಸವಾದರೆ ಇನ್‌ಸ್ಪೆಕ್ಟರ್ ನೋಡಿ ಒಪ್ಪುವ ತನಕ ಕೊನೆಯ ಕಂತು ನಿಮ್ಮಲ್ಲೇ ಇರುವಂತೆ ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳಿ.

ಈಗಾಗಲೇ ಮೋಸ ಹೋಗಿದ್ದರೆ ದಾರಿಗಳಿವೆ. ಸಿಎಸ್‌ಎಲ್‌ಬಿಗೆ ದೂರು ಕೊಡಬಹುದು, ಲೈಸೆನ್ಸ್ ಇದ್ದವರ ಮೇಲೂ ಇಲ್ಲದವರ ಮೇಲೂ. ಸಾಮಾನ್ಯವಾಗಿ ನಾಲ್ಕು ವರ್ಷದೊಳಗಿನ ಪ್ರಕರಣಗಳನ್ನು ಅದು ತೆಗೆದುಕೊಳ್ಳುತ್ತದೆ. ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ವ್ಯಕ್ತಿಯೊಬ್ಬರು 12,500 ಡಾಲರ್‌ವರೆಗೆ ಕೇಳಬಹುದು, ಅಲ್ಲಿ ವಕೀಲರ ಮೂಲಕವಲ್ಲ, ನಾವೇ ನಿಂತು ಮಾತಾಡಬೇಕು. ಲೈಸೆನ್ಸ್ ಬೇಕಾದ ಕೆಲಸವನ್ನು ಅದಿಲ್ಲದೆ ಮಾಡಿದವನು ಕೂಲಿ ಬಾಕಿಗಾಗಿ ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ. ಅಷ್ಟೇ ಅಲ್ಲ, ನೀವು ಕೊಟ್ಟ ಹಣ ಪೂರ್ತಿ ಹಿಂದಕ್ಕೆ ಕೊಡಿಸಿ ಎಂದು ನೀವೇ ಕೋರ್ಟಿಗೆ ಹೋಗಬಹುದು. ಕ್ಯಾಲಿಫೋರ್ನಿಯಾದ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 7031ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಇದಕ್ಕೆ ಕಾಲಮಿತಿ ಉಂಟು, ಆದ್ದರಿಂದ ತಡ ಮಾಡದೆ, ಚೆಕ್ಕಿನ ಪ್ರತಿ, ಒಪ್ಪಂದ, ಮೆಸೇಜುಗಳು, ಸೋರಿದ ಗೋಡೆಯ ಚಿತ್ರಗಳನ್ನು ಒಂದೆಡೆ ಕೂಡಿಸಿಟ್ಟುಕೊಂಡು ಮೊದಲು ಮಂಡಳಿಗೆ ಬರೆಯಿರಿ.